ಅಂಕಲಿಯ ಕುದುರೆಗಳು ಮತ್ತು ಸಂಶೋಧಕರ ದಾರಿ

ಪ್ರತಿ ವರ್ಷ ಆಷಾಢ ಏಕಾದಶಿಗೆ ಕೆಲವು ವಾರಗಳ ಮುನ್ನ, ಚಿಕ್ಕೋಡಿ ತಾಲೂಕಿನ ಅಂಕಲಿಯಿಂದ ಎರಡು ಕುದುರೆಗಳು ಪುಣೆಯ ಬಳಿಯ ಆಳಂದಿಗೆ ಕಾಲ್ನಡಿಗೆಯಲ್ಲಿ ಹೊರಡುತ್ತವೆ. ಅಲ್ಲಿಂದ ಪಂಢರಪುರಕ್ಕೆ ಸಾಗುವ ಸಂತ ಜ್ಞಾನೇಶ್ವರರ ಪಲ್ಲಕ್ಕಿಗೆ ಕುದುರೆ ಕಳುಹಿಸುವ ಮಾನ ಅಂಕಲಿಯ ಶಿತೋಳೆ ಮನೆತನದ್ದು. ಅವರು ಗ್ವಾಲಿಯರಿನ ಸಿಂಧಿಯಾ ಸಂಸ್ಥಾನದ ಸರದಾರರಾಗಿದ್ದವರು. ಕೃಷ್ಣಾ ತೀರದ ಒಂದು ಊರಿಗೆ ಪುಣೆ ಮತ್ತು ಗ್ವಾಲಿಯರ್‌ಗಳೊಂದಿಗೆ ಇಷ್ಟು ದೊಡ್ಡ ನಂಟು! ಇಂಥ ಊರಿನ ಚರಿತ್ರೆ ಬರೆಯಲು ನಮ್ಮ ವಿಶ್ವವಿದ್ಯಾನಿಲಯದ ಅಧ್ಯಾಪಕರೊಬ್ಬರು ಹೊರಟರೆ ಅವರಿಗೆ ಎದುರಾಗುವ ಅಡೆತಡೆಗಳೇನು?

ಮೊದಲನೆಯದು ದಾಖಲೆಗಳ ಚದುರುವಿಕೆ. ಈ ಸೀಮೆ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು; ಅನಂತರ ಮರಾಠರ ಆಳ್ವಿಕೆ ಕಂಡಿತು; 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹೀಗಾಗಿ ಶಾಸನಗಳು ಕನ್ನಡದಲ್ಲಿ, ಫರ್ಮಾನುಗಳು ಫಾರಸಿಯಲ್ಲಿ, ಕಂದಾಯದ ಕಾಗದಗಳು ಮರಾಠಿಯ ಮೋಡಿ ಲಿಪಿಯಲ್ಲಿ, ಆಂಗ್ಲರ ಕಡತಗಳು ಇಂಗ್ಲಿಷಿನಲ್ಲಿವೆ. ಇವೆಲ್ಲವನ್ನೂ ಓದಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? 1884ರಲ್ಲಿ ಹೊರಬಂದ ಬೆಳಗಾವಿ ಜಿಲ್ಲೆಯ ಗ್ಯಾಜೆಟಿಯರನ್ನೇ ನಾವು ಇಂದಿಗೂ ಮತ್ತೆ ಮತ್ತೆ ತಿರುವಿ ಹಾಕುತ್ತಿರುವುದಕ್ಕೆ ಇದೂ ಒಂದು ಕಾರಣ. ಬಿಜಾಪುರದ ಸೂಫಿಗಳ ಕುರಿತು 1978ರಲ್ಲಿ ಪ್ರಸಿದ್ಧ ಗ್ರಂಥ ಪ್ರಕಟಿಸಿದವರು ಅಮೆರಿಕದ ರಿಚರ್ಡ್ ಈಟನ್. ಫಾರಸಿ, ದಖ್ಖನಿ ಆಕರಗಳನ್ನು ಓದುವ ಸಿದ್ಧತೆಯೊಂದಿಗೆ ಅವರು ಬಂದಿದ್ದರು. ಆ ಭಾಷೆಗಳು ನಮ್ಮ ನೆಲದವೇ ಆಗಿದ್ದರೂ ನಮ್ಮ ಇತಿಹಾಸ ವಿಭಾಗಗಳಿಗೆ ದೂರವಾಗಿವೆ.

ಎರಡನೆಯದು ಸಮಯ. ಭರ್ತಿಯಾಗದ ಹುದ್ದೆಗಳು, ಸೆಮಿಸ್ಟರ್ ಪರೀಕ್ಷೆ, ಮೌಲ್ಯಮಾಪನ, ಸಮಿತಿಗಳ ಕೆಲಸ ಮುಗಿಸಿದ ಮೇಲೆ ಉಳಿದದ್ದು ಸಂಶೋಧನೆಗೆ. 2010ರಲ್ಲಿ ಯುಜಿಸಿ ಬಡ್ತಿಗೆ ಅಂಕ ಪದ್ಧತಿಯನ್ನು ತಂದಾಗ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಹತ್ತು ವರ್ಷದ ಕ್ಷೇತ್ರಕಾರ್ಯಕ್ಕಿಂತ ಹತ್ತು ಅವಸರದ ಲೇಖನಗಳೇ ಲಾಭವೆಂಬ ಮನೋಭಾವ ಬೆಳೆಯಿತು. ಹಣ ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು.

ಮೂರನೆಯದು ಸಂಶಯ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. 2004ರಲ್ಲಿ ಗಡಿ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಇಂಥ ಸೀಮೆಯಲ್ಲಿ "ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ?" ಎಂಬುದು ಬರೀ ಪ್ರಶ್ನೆಯಲ್ಲ. ಕೇಳುವವರು ಯಾವ ಕಡೆಯವರು ಎಂದು ಜನ ಮೊದಲು ಅಳೆಯುತ್ತಾರೆ. ಜಾತಿ, ಜಮೀನು, ಧರ್ಮಗಳ ಪ್ರಶ್ನೆಗಳಿಗೂ ಇದೇ ಗತಿ.

ಈ ಮೂರನ್ನೂ ದಾಟಿ ಸತ್ಯದ ಹತ್ತಿರ ಬಂದವರಿಗೆ ನಾಲ್ಕನೆಯ ಅಡ್ಡಿ ಕಾದಿರುತ್ತದೆ. ಕರ್ನಾಟಕ ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರಾಗಿದ್ದ ಡಾ. ಎಂ.ಎಂ. ಕಲಬುರ್ಗಿಯವರು 'ಮಾರ್ಗ' ಸಂಪುಟದಲ್ಲಿ ಚೆನ್ನಬಸವಣ್ಣನವರ ಜನನದ ಬಗ್ಗೆ ಬರೆದದ್ದಕ್ಕೆ ತೀವ್ರ ವಿರೋಧ ಎದುರಿಸಿ, 1989ರಲ್ಲಿ ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಒಪ್ಪದವರು ಇನ್ನೊಂದು ಆಕರ ತಂದು ಅವರ ವಾದವನ್ನು ಮುರಿಯಬಹುದಿತ್ತು. ವಿದ್ವತ್ತಿನ ನ್ಯಾಯ ಅದು. ಆದರೂ ಅವರು ಕೆಲಸ ನಿಲ್ಲಿಸಲಿಲ್ಲ. 'ಮಾರ್ಗ'ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೊನೆಯ ವರ್ಷಗಳಲ್ಲಿ ಅವರು ಕೈಹಾಕಿದ್ದು ಆದಿಲಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರುವ ಯೋಜನೆಗೆ. ಫಾರಸಿ, ದಖ್ಖನಿಗಳಲ್ಲಿ ಅಡಗಿದ್ದ ನಮ್ಮದೇ ಚರಿತ್ರೆಗೆ ಅವರು ಕನ್ನಡದ ಬಾಗಿಲು ತೆರೆಸುತ್ತಿದ್ದರು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು.

ಅನುದಾನ ಹೆಚ್ಚಿಸಬಹುದು, ಹುದ್ದೆ ತುಂಬಬಹುದು, ಮೋಡಿ ಮತ್ತು ಫಾರಸಿ ಕಲಿಸಲು ತರಗತಿ ತೆರೆಯಬಹುದು. ಇವು ಸರಕಾರದ ಕೆಲಸಗಳು. ಆದರೆ ನಮಗೆ ಒಗ್ಗದ ಸತ್ಯವನ್ನೂ ಸಹನೆಯಿಂದ ಕೇಳಿಸಿಕೊಳ್ಳುವುದು ನಮ್ಮ ಕೆಲಸ. ಯಾವ ಸಮುದಾಯವೂ ಇದರಿಂದ ಹೊರತಲ್ಲ, ನಾವೂ ಅಲ್ಲ. ಸಂಶೋಧಕರು ಸುಮ್ಮನಾದ ಕಡೆ ಚರಿತ್ರೆ ಖಾಲಿ ಉಳಿಯುವುದಿಲ್ಲ. ಆ ಜಾಗಕ್ಕೆ ವದಂತಿ ಬಂದು ಕೂರುತ್ತದೆ. ವದಂತಿಯ ಬೆಲೆ ಎಷ್ಟೆಂಬುದನ್ನು ನೆರೆಹೊರೆಯವರಾಗಿ ಬಾಳಬೇಕಾದ ನಾವು ಬಲ್ಲೆವು.

ಅಂಕಲಿಯ ಕುದುರೆಗಳು ಭಾಷೆ, ರಾಜ್ಯಗಳ ಗಡಿಯನ್ನು ವರ್ಷವರ್ಷವೂ ದಾಟುತ್ತವೆ, ದಾರಿಯುದ್ದಕ್ಕೂ ಜನ ಅವುಗಳನ್ನು ಗೌರವದಿಂದ ಬರಮಾಡಿಕೊಳ್ಳುತ್ತಾರೆ. ಆ ಚರಿತ್ರೆಯನ್ನು ಹುಡುಕಿಕೊಂಡು ಅದೇ ಗಡಿ ದಾಟುವ ಅಧ್ಯಾಪಕರಿಗೂ ನಾವು ದಾರಿ ಬಿಡಬೇಕು.