ಇಪ್ಪತ್ತೈದು ಪಿನ್ನುಗಳ ಹೊರೆ: ಲೇಸರ್ ಪ್ರದರ್ಶನದ ಕೇಬಲ್ ಹಗುರಾಗುವ ಬಗೆ

ವಡೋದರಾದಲ್ಲಿ ನವರಾತ್ರಿ ಎಂದರೆ ಒಂಬತ್ತು ರಾತ್ರಿಗಳ ಗರ್ಬಾ. ದೊಡ್ಡ ಮೈದಾನ, ನಡುವೆ ಗಾಯಕರ ವೇದಿಕೆ, ಸುತ್ತ ಸುತ್ತುವ ಸಾವಿರಾರು ಜನ. ಇಂಥ ಮೈದಾನದಲ್ಲಿ ಲೇಸರ್ ಪ್ರೊಜೆಕ್ಟರ್ ಕಂಬದ ಮೇಲಿದ್ದರೆ ಅದನ್ನು ನಡೆಸುವ ಕಂಪ್ಯೂಟರ್ ಎಲ್ಲೋ ದೂರದ ಮೇಜಿನ ಮೇಲಿರುತ್ತದೆ. ನಡುವಿನ ದಾರಿಯಲ್ಲಿ ಜನರೇಟರ್, ಆಂಪ್ಲಿಫೈಯರ್, ಎಲ್‌ಇಡಿ ಪರದೆಗಳ ವೈರುಗಳ ಜೊತೆ ಹೆಬ್ಬೆರಳು ಗಾತ್ರದ ಬಿರುಸಾದ ಕೇಬಲ್ಲೊಂದು ಮಲಗಿರುತ್ತದೆ. ಪ್ರೊಜೆಕ್ಟರ್ ಒಳಗಿನ ಡಯೋಡು, ಕನ್ನಡಿಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕಾರ್ಯಕ್ರಮ ಕೈಕೊಡುವುದು ಮಾತ್ರ ಹೆಚ್ಚಾಗಿ ಈ ಕೇಬಲ್ಲಿನ ತುದಿಯಲ್ಲಿ.

ಆ ತುದಿಯಲ್ಲಿರುವುದು ಡಿಬಿ-25 ಎಂಬ ಕನೆಕ್ಟರ್. ಅಮೆರಿಕದ ಕ್ಯಾನನ್ ಕಂಪನಿ 1952ರಲ್ಲಿ ತಂದ ಡಿ-ಆಕಾರದ ಪ್ಲಗ್ಗುಗಳ ವಂಶದ್ದು. ಹಳೆಯ ಪ್ರಿಂಟರ್ ಕೇಬಲ್ ಕಂಡವರಿಗೆ ಇದು ಹೊಸದಲ್ಲ. 1986ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಲೇಸರ್ ಪ್ರದರ್ಶನ ಸಂಘ, ಅಂದರೆ ಇಲ್ಡಾ, ಪ್ರೊಜೆಕ್ಟರುಗಳಿಗೆ ಇದನ್ನೇ ಮಾನಕವಾಗಿ ಒಪ್ಪಿತು. 1 ಮತ್ತು 14ನೇ ಪಿನ್ನುಗಳಲ್ಲಿ ಅಡ್ಡ ಚಲನೆಯ ಸಂಕೇತ, 2 ಮತ್ತು 15ರಲ್ಲಿ ಲಂಬ ಚಲನೆಯದು, 5ರಿಂದ 7 ಹಾಗೂ 18ರಿಂದ 20ರವರೆಗೆ ಕೆಂಪು, ಹಸಿರು, ನೀಲಿ. 4 ಮತ್ತು 17 ಸುರಕ್ಷತೆಯ ಇಂಟರ್‌ಲಾಕ್, 13 ಶಟರ್, 25 ನೆಲ (ಗ್ರೌಂಡ್). ಹೆಚ್ಚುವರಿ ಬಣ್ಣಗಳಿಗೆಂದು ಮೀಸಲಿಟ್ಟ ಪಿನ್ನುಗಳು ಮೂರು ಬಣ್ಣದ ಸಾಮಾನ್ಯ ಪ್ರೊಜೆಕ್ಟರಿನಲ್ಲಿ ಖಾಲಿಯೇ ಉಳಿಯುತ್ತವೆ.

ಪ್ರತಿ ಸಂಕೇತಕ್ಕೂ ಎರಡು ತಂತಿ ಕೊಟ್ಟದ್ದು ದುಂದಲ್ಲ. ಒಂದರಲ್ಲಿ ವೋಲ್ಟೇಜ್ ಏರಿದಷ್ಟೇ ಇನ್ನೊಂದರಲ್ಲಿ ಇಳಿಯುತ್ತದೆ. ಪ್ರೊಜೆಕ್ಟರ್ ನೋಡುವುದು ಎರಡರ ವ್ಯತ್ಯಾಸವನ್ನು. ದಾರಿಯಲ್ಲಿ ಜನರೇಟರಿನ ವಿದ್ಯುತ್ ಗದ್ದಲ ಎರಡೂ ತಂತಿಗೆ ಸಮನಾಗಿ ತಾಗಿದರೆ ಕಳೆದುಹೋಗುತ್ತದೆ. ಆದರೆ ಒಂದು ಬೆಸುಗೆ ಸಡಿಲವಾದರೆ ಸಾಕು, ಈ ಲೆಕ್ಕ ತಪ್ಪುತ್ತದೆ. ಅಡ್ಡ ಚಲನೆಯ ಪೂರ್ಣ ವ್ಯಾಪ್ತಿ 20 ವೋಲ್ಟ್. ಅದರಲ್ಲಿ 20 ಮಿಲಿವೋಲ್ಟ್ ಗದ್ದಲ ಉಳಿದರೆ ದೋಷ ಸಾವಿರದಲ್ಲೊಂದು ಪಾಲು. 40 ಡಿಗ್ರಿ ಹರಡುವ ಕಿರಣ 50 ಮೀಟರ್ ದೂರದಲ್ಲಿ ಬರೆಯುವ ಚಿತ್ರದ ಅಗಲ ಸುಮಾರು 36 ಮೀಟರ್. ಅಲ್ಲಿ ಗೆರೆ ಮೂರೂವರೆ ಸೆಂಟಿಮೀಟರ್ ನಡುಗುತ್ತದೆ. ಕೇವಡಿಯಾದಲ್ಲಿ 2018ರ ಅಕ್ಟೋಬರ್ 31ರಂದು ಉದ್ಘಾಟನೆಯಾದ, ಸಂಜೆ ಲೇಸರ್ ಪ್ರದರ್ಶನ ನಡೆಯುವ ಏಕತಾ ಪ್ರತಿಮೆಯ ಎತ್ತರ 182 ಮೀಟರ್. ಅಷ್ಟೆತ್ತರ ಹರಡಿದ ಚಿತ್ರವೊಂದರಲ್ಲಿ ಅದೇ ದೋಷ 18 ಸೆಂಟಿಮೀಟರ್ ಆದೀತು.

ಕೇಬಲ್ ಸರಳಗೊಳಿಸಲು ಮೊದಲು ಹೊಳೆಯುವ ಉಪಾಯ ಅಗ್ಗದ ನೆಟ್‌ವರ್ಕ್ ಕೇಬಲ್. ಕ್ಯಾಟ್-5 ಕೇಬಲ್ಲಿನಲ್ಲಿ ನಾಲ್ಕು ಹೊಸೆದ ಜೋಡಿಗಳಿರುತ್ತವೆ, ಎರಡು ಕೇಬಲ್ ಎಂದರೆ ಎಂಟು. ಅಡ್ಡ, ಲಂಬ, ಮೂರು ಬಣ್ಣ, ಒಟ್ಟು ಪ್ರಖರತೆ ಸೇರಿ ಆರು, ಶಟರಿಗೂ ನೆಲಕ್ಕೂ ಏಳನೆಯದು, ಇಂಟರ್‌ಲಾಕಿಗೆ ಎಂಟನೆಯದು. ಒಂದು ಜೋಡಿಯೂ ಮಿಗದೆ ಲೆಕ್ಕ ಸರಿಹೋಗುತ್ತದೆ. ತಂತಿಯ ರೋಧ 100 ಮೀಟರಿಗೆ ಹತ್ತು ಓಮ್ ಆಸುಪಾಸು. ಸಾವಿರಾರು ಓಮ್ ಇರುವ ಪ್ರೊಜೆಕ್ಟರಿನ ಒಳಹರಿವಿನ ಎದುರು ಅದು ಲೆಕ್ಕಕ್ಕಿಲ್ಲ. ಬೆಸುಗೆಯ ಕೆಲಸವಿಲ್ಲ, ತುದಿಗೆ ಕ್ರಿಂಪ್ ಮಾಡಿದರಾಯಿತು, ಹಾಳಾದರೆ ಯಾವ ಕಂಪ್ಯೂಟರ್ ಅಂಗಡಿಯಲ್ಲೂ ಸಿಗುತ್ತದೆ. ತೊಡಕು ಬೇರೆ ಕಡೆಯಿದೆ. ಅದೇ ಆಕಾರದ ಸಾಕೆಟ್ಟು ಪಕ್ಕದ ನೆಟ್‌ವರ್ಕ್ ಸ್ವಿಚ್ಚಿನಲ್ಲೂ ಇರುತ್ತದೆ. ಗಡಿಬಿಡಿಯಲ್ಲಿ ಅಲ್ಲಿಗೆ ಚುಚ್ಚಿದರೆ ಅದಕ್ಕೆ ಸಲ್ಲದ ವೋಲ್ಟೇಜು ಒಳನುಗ್ಗುತ್ತದೆ. ಎರಡು ಕೇಬಲ್ ಅದಲುಬದಲಾದರಂತೂ ಬಣ್ಣದ ಸಂಕೇತ ಚಲನೆಯ ಜಾಗದಲ್ಲಿ ಕೂರುತ್ತದೆ.

ಹೆಚ್ಚು ಗಟ್ಟಿಯಾದ ಉತ್ತರ ಗುಜರಾತಿನ ಕಾರ್ಖಾನೆಗಳಲ್ಲೇ ಇದೆ. ಸೂರತ್ತಿನಲ್ಲಿ ಬಟ್ಟೆಯ ಮೇಲೆ ವಿನ್ಯಾಸ ಕೆತ್ತುವ, ಅಹಮದಾಬಾದಿನಲ್ಲಿ ಲೋಹದ ಮೇಲೆ ಗುರುತು ಬರೆಯುವ ಲೇಸರ್ ಯಂತ್ರಗಳಲ್ಲೂ ಕಿರಣವನ್ನು ತಿರುಗಿಸುವುದು ಪ್ರೊಜೆಕ್ಟರಿನಲ್ಲಿರುವಂಥದೇ ಎರಡು ಪುಟ್ಟ ಕನ್ನಡಿ, ಎರಡೂ ಕಡೆ ಅವಕ್ಕೆ ಗ್ಯಾಲ್ವೋ ಎಂದೇ ಹೆಸರು. ಆದರೆ ಆ ಕನ್ನಡಿಗಳಿಗೆ ಹೋಗುವುದು ವೋಲ್ಟೇಜ್ ಅಲ್ಲ, ಅಂಕಿ. ಎಕ್ಸ್‌ವೈ2-100 ಎಂಬ ಪದ್ಧತಿಯಲ್ಲಿ ಪ್ರತಿ ಸ್ಥಾನವನ್ನು 16 ಬಿಟ್‌ಗಳಲ್ಲಿ ಬರೆದು, ನಿಯಂತ್ರಣಕ್ಕೆ ಮೂರು, ತಪ್ಪು ಪತ್ತೆಗೆ ಒಂದು ಬಿಟ್ ಸೇರಿಸಿ, 10 ಮೈಕ್ರೋಸೆಕೆಂಡಿಗೊಮ್ಮೆ ಕಳಿಸಲಾಗುತ್ತದೆ. ಗಡಿಯಾರದ ಸಂಕೇತ, ಹೊಂದಿಕೆಯ ಸಂಕೇತ, ಅಡ್ಡ, ಲಂಬ: ನಾಲ್ಕು ಜೋಡಿ ತಂತಿಯಲ್ಲಿ ಚಲನೆಯ ಕೆಲಸ ಮುಗಿಯಿತು. ಸಣ್ಣಪುಟ್ಟ ಗದ್ದಲಕ್ಕೆ ಅಂಕಿ ಬದಲಾಗುವುದಿಲ್ಲ, ಬದಲಾದರೂ ಪತ್ತೆಯಾಗುವ ಸಾಧ್ಯತೆಯಿದೆ. ತಮಾಷೆಯೆಂದರೆ ಇದನ್ನೂ ಬಹಳ ಕಡೆ ಡಿಬಿ-25 ಪ್ಲಗ್ಗಿನಲ್ಲೇ ಕೊಡುತ್ತಾರೆ, ಪಿನ್ನುಗಳ ಅರ್ಥ ಮಾತ್ರ ಪೂರ್ತಿ ಬೇರೆ. ಪ್ರದರ್ಶನದ ಕೇಬಲ್ ತಂದು ಗುರುತು ಬರೆಯುವ ಯಂತ್ರಕ್ಕೆ ಸಿಕ್ಕಿಸಿದರೆ ಪ್ಲಗ್ಗು ಸಲೀಸಾಗಿ ಕೂರುತ್ತದೆ, ಯಂತ್ರ ಉಳಿಯುವ ಭರವಸೆಯಿಲ್ಲ.

ಅಂಕಿಗಳನ್ನೇ ಕಳಿಸುವುದಾದರೆ ಈಥರ್ನೆಟ್ ಯಾಕಾಗಬಾರದು? ಸೆಕೆಂಡಿಗೆ 30,000 ಬಿಂದು, ಪ್ರತಿ ಬಿಂದುವಿನ ಸ್ಥಾನಕ್ಕೆ 32 ಬಿಟ್, ಬಣ್ಣಕ್ಕೆ 24. ಒಟ್ಟು ಸುಮಾರು 17 ಲಕ್ಷ ಬಿಟ್. ಸೆಕೆಂಡಿಗೆ 10 ಕೋಟಿ ಬಿಟ್ ಸಾಗಿಸುವ ಸಾಧಾರಣ ಕೇಬಲ್ಲಿಗೆ ಇದು ಹೊರೆಯೇ ಅಲ್ಲ, 100 ಮೀಟರ್ ದೂರವೂ ಅದರ ಮಿತಿಯೊಳಗೇ ಇದೆ. ಅಂಕಿಯನ್ನು ವೋಲ್ಟೇಜಾಗಿಸುವ ಪರಿವರ್ತಕ ಮೇಜಿನಿಂದ ಎದ್ದು ಪ್ರೊಜೆಕ್ಟರಿನ ಹೊಟ್ಟೆ ಸೇರಿದರೆ ಆ್ಯನಲಾಗ್ ತಂತಿಯ ಉದ್ದ ಒಂದು ಗೇಣಿಗೆ ಇಳಿಯುತ್ತದೆ. ಈಥರ್ ಡ್ರೀಮ್ ಎಂಬ ಪುಟ್ಟ ಪರಿವರ್ತಕ, ಪ್ಯಾಂಗೋಲಿನ್ ಕಂಪನಿಯ ಎಫ್‌ಬಿ4, ಇಲ್ಡಾದ್ದೇ ಆದ ಐಡಿಎನ್ ಎಂಬ ಜಾಲ ಮಾನಕ ಎಲ್ಲವೂ ಇದೇ ಜಾಡಿನವು. ಜಾಲದಲ್ಲಿ ಅಂಕಿಗಳ ಪೊಟ್ಟಣಗಳು ಹಿಂದುಮುಂದಾಗಿ ಬಂದರೂ ಚಿತ್ರ ತಡವರಿಸದಂತೆ ಒಂದಿಷ್ಟು ಬಿಂದುಗಳನ್ನು ಮೊದಲೇ ಕೂಡಿಟ್ಟುಕೊಳ್ಳಬೇಕು. 1,800 ಬಿಂದುಗಳ ದಾಸ್ತಾನು 60 ಮಿಲಿಸೆಕೆಂಡ್ ನಡೆಯುತ್ತದೆ. ಡೋಲಿನ ಪೆಟ್ಟಿಗೂ ಬೆಳಕಿಗೂ ಅಷ್ಟು ಅಂತರ ಬಿದ್ದರೆ ಚುರುಕು ಕಿವಿಗೆ ಗೊತ್ತಾದೀತು, ಆದ್ದರಿಂದ ದಾಸ್ತಾನು ಹಿಗ್ಗಿಸುತ್ತಾ ಹೋಗುವಂತಿಲ್ಲ.

ಇಷ್ಟಾದರೂ ಹಳೆಯ ದಪ್ಪ ಕೇಬಲ್ಲಿನ ಒಂದು ಗುಣವನ್ನು ಕೈಬಿಡಬಾರದು. 4 ಮತ್ತು 17ನೇ ಪಿನ್ನುಗಳು ನಿಯಂತ್ರಕದ ಕಡೆಯಲ್ಲಿ ಒಂದಕ್ಕೊಂದು ಸೇರಿರುತ್ತವೆ. ಯಾರೋ ಎಡವಿ ಕೇಬಲ್ ಕಿತ್ತರೆ ಆ ವರ್ತುಲ ಕಡಿದು ಲೇಸರ್ ಆರುತ್ತದೆ. ತಂತ್ರಾಂಶ ಹೆಪ್ಪುಗಟ್ಟಿದ್ದರೂ ತುರ್ತು ಗುಂಡಿ ಒತ್ತಿ ಇದೇ ವರ್ತುಲ ಕಡಿಯಬಹುದು. ಅರ್ಧ ವ್ಯಾಟ್ ಮೀರಿದ 4ನೇ ವರ್ಗದ ಲೇಸರಿಗೆ ದೂರದಿಂದ ಕಡಿಯಬಲ್ಲ ಇಂಟರ್‌ಲಾಕ್ ಇರಲೇಬೇಕೆಂದು ಐಇಸಿ 60825-1 ಮಾನಕ ಹೇಳುತ್ತದೆ. ಲೇಸರ್ ಕಿರಣ ಕಣ್ಣಿಗೆ ಏನು ಮಾಡಬಲ್ಲದೆಂಬುದು 2023ರ ಗಣೇಶ ವಿಸರ್ಜನೆಯ ನಂತರ ನಾಸಿಕದ ಕಣ್ಣಿನ ವೈದ್ಯರಿಂದ ಬಂದ ಅಕ್ಷಿಪಟಲದ ಗಾಯಗಳ ವರದಿಗಳಲ್ಲಿದೆ. ಆದ್ದರಿಂದ ಚಿತ್ರ ಜಾಲದಲ್ಲಿ ಹೋಗಲಿ. ಇಂಟರ್‌ಲಾಕ್ ತಾಮ್ರದ ತಂತಿಯಲ್ಲೇ ಇರಲಿ. ಸುರಕ್ಷತೆಯನ್ನೂ ಪೊಟ್ಟಣವಾಗಿಸಿ ಕಳಿಸುವ ಸರಳತೆ ಬೇಡ.

ಇಂಟರ್‌ಲಾಕಿನ ಆ ಎರಡು ತಂತಿಗೆ ಯಾವ ಪ್ಲಗ್ಗು? ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಎಲ್ಲರ ಕೈಯಲ್ಲೂ ಇದೆ, ಅದೇ ಅದರ ದೋಷ. ಮೈಕಿಗೂ ಅದೇ, ದೀಪ ನಿಯಂತ್ರಿಸುವ ಡಿಎಮ್‌ಎಕ್ಸ್‌ಗೂ ಅಗ್ಗದ ಉಪಕರಣಗಳಲ್ಲಿ ಅದೇ. ಮಿಕ್ಸರಿನಿಂದ ಬರುವ 48 ವೋಲ್ಟ್ ಇಂಟರ್‌ಲಾಕಿಗೆ ತಗುಲಬಾರದೆಂದರೆ ಪಿನ್ನಿನ ಸಂಖ್ಯೆಯೇ ಬೇರೆಯಿರುವ ಕನೆಕ್ಟರ್ ಬೇಕು. ಜಾಲದ ತುದಿಗೆ ಪ್ಲಾಸ್ಟಿಕ್ ಕ್ಲಿಪ್ ಮುರಿಯದ, ಲೋಹದ ಕವಚದ ಈಥರ್‌ಕಾನ್ ಒಳ್ಳೆಯದು. ಗರ್ಬಾ ಮೈದಾನದ ದೂಳಿಗೂ ತುಳಿತಕ್ಕೂ ಅದು ತಡೆದೀತು.

ಇಂಥ ಕೇಬಲ್ಲಿಗೆ ಹೊರದೇಶದ ಮುಖ ನೋಡಬೇಕಿಲ್ಲ. ಹಾಲೋಲ್‌ನಲ್ಲಿ ಪಾಲಿಕ್ಯಾಬ್, ವಾಘೋಡಿಯಾದಲ್ಲಿ ಆರ್.ಆರ್. ಕೇಬಲ್ ಕಾರ್ಖಾನೆಗಳಿವೆ, ವಿದ್ಯುತ್ ಸಾಮಗ್ರಿ ಪರೀಕ್ಷಿಸುವ ಎರ್ಡಾ ಸಂಸ್ಥೆ ವಡೋದರಾದ ಮಕರಪುರಾದಲ್ಲಿದೆ, ಸಣ್ಣ ಘಟಕಗಳಿಗೆ ಗೋರ್ವಾದ ಬಿಐಡಿಸಿ ಕೈಗಾರಿಕಾ ವಸಾಹತು ಇದೆ. ಅಂಥ ಘಟಕವೊಂದು ಮಾಡಬಹುದಾದ ಸಾಮಾನಿನ ವಿವರ ಇಷ್ಟು: ಒಂದೇ ರಬ್ಬರ್ ಹೊದಿಕೆಯೊಳಗೆ ಕವಚವಿರುವ ಒಂದು ಕ್ಯಾಟ್-5, ಇಂಟರ್‌ಲಾಕಿಗೆ ಪ್ರತ್ಯೇಕವಾದ ಒಂದು ಹೊಸೆದ ಜೋಡಿ, ಎರಡೂ ತುದಿಯಲ್ಲಿ ಒಂದು ಈಥರ್‌ಕಾನ್ ಮತ್ತು ಬೇರೆಲ್ಲೂ ಕೂರದ ಒಂದು ನಾಲ್ಕು ಪಿನ್ನಿನ ಪ್ಲಗ್ಗು. ಇಂಟರ್‌ಲಾಕ್ ಪ್ಲಗ್ಗಿನ ತಂತಿ ಇನ್ನೊಂದಕ್ಕಿಂತ ನಾಲ್ಕು ಬೆರಳು ಗಿಡ್ಡವಿರಬೇಕು, ಕೇಬಲ್ ಜಗ್ಗಿದಾಗ ಮೊದಲು ಕಳಚುವುದು ಅದೇ ಆಗುವಂತೆ.