ರಕ್ತವನ್ನು ಓದುವವರು

ಚಿತ್ರದುರ್ಗವೆಂದರೆ ಏಳು ಸುತ್ತಿನ ಕೋಟೆಯ ಇತಿಹಾಸವನ್ನು ಹೇಳುವುದು ವಾಡಿಕೆ. ನಾನು ಇಂದು ಹೇಳಹೊರಟಿರುವುದು ಒಂದು ಗಾಜಿನ ಪಟ್ಟಿಯ ಇತಿಹಾಸವನ್ನು.

1907ರಲ್ಲಿ ಹಿರಿಯೂರಿನ ಬಳಿ, ಮಾರಿಕಣಿವೆಯಲ್ಲಿ, ವೇದಾವತಿಯ ಅಣೆಕಟ್ಟು ಪೂರ್ಣಗೊಂಡಿತು. ನಾಲೆಯ ನೀರು ಬಯಲುಸೀಮೆಗೆ ಅನ್ನವನ್ನು ತಂದಿತು. ನಿಂತಲ್ಲಿ ಸೊಳ್ಳೆಗೂ ಎಡೆಮಾಡಿತು. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, 1958ರಲ್ಲಿ ಅದು ನಿರ್ಮೂಲನದ ಸಂಕಲ್ಪವಾಯಿತು. ಮನೆಮನೆಗೆ ಹೋಗಿ, ಜ್ವರ ಬಂದವರ ಬೆರಳಿನ ರಕ್ತವನ್ನು ಗಾಜಿನ ಮೇಲೆ ಸವರಿ ತರುವ ಪದ್ಧತಿ ನೆಲೆಗೊಂಡಿತು. ಆ ಲೇಪಕ್ಕೆ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡುವವರು ಪ್ರಯೋಗಾಲಯದ ತಂತ್ರಜ್ಞರು. ಅವರು ‘ಇದೆ’ ಎಂದರೆ ಪೂರ್ಣ ಚಿಕಿತ್ಸೆ. ಅವರ ಕಣ್ಣು ತಪ್ಪಿದರೆ ರೋಗವೂ ರೋಗಿಯೊಡನೆ ಮನೆಗೆ ಮರಳುತ್ತದೆ.

ಈ ಹೊಣೆಗೆ ತಕ್ಕ ಮನ್ನಣೆ ತಡವಾಗಿ ಬಂದಿತು. ದಾದಿಯರಿಗೆ 1947ರಲ್ಲಿ, ಔಷಧಿಗಾರರಿಗೆ 1948ರಲ್ಲಿ ಕೇಂದ್ರ ಶಾಸನ ದೊರೆಯಿತು. ರಕ್ತವನ್ನು ಓದುವವರು 2021ರವರೆಗೆ ಕಾಯಬೇಕಾಯಿತು. ಸಹಾಯಕ ಹಾಗೂ ಆರೋಗ್ಯ ವೃತ್ತಿಪರರಿಗಾಗಿ ಆ ವರ್ಷ ಬಂದ ಕೇಂದ್ರ ಕಾಯಿದೆ, ಅವರ ಶಿಕ್ಷಣಕ್ಕೊಂದು ಮಟ್ಟವನ್ನೂ ಹೆಸರಿಗೆ ನೋಂದಣಿಯನ್ನೂ ವಿಧಿಸಿತು.

ಈ ನೋಂದಣಿಯನ್ನು ಬರಿಯ ಕಾಗದವೆಂದು ನಾನು ಎಣಿಸಲಾರೆ. ಹೊಳಲ್ಕೆರೆಯ ರೈತ ವೈದ್ಯರ ಮುಖ ನೋಡಿ ನಂಬುತ್ತಾನೆ. ತನ್ನ ರಕ್ತವನ್ನು ಪರೀಕ್ಷಿಸಿದವರ ಮುಖವನ್ನು ಅವನು ಬಹುಮಟ್ಟಿಗೆ ಕಾಣುವುದೇ ಇಲ್ಲ. ಕಾಣದವರನ್ನು ನಂಬಬೇಕಾದ ಕಡೆ, ಅವರ ಕಲಿಕೆಗೆ ಸಮಾಜವೇ ಸಾಕ್ಷಿಯಾಗಿ ನಿಲ್ಲಬೇಕು.