ಸೆರೆಮನೆಯಲ್ಲಿ ಮನುಷ್ಯ



ಬ್ಯಾಡಗಿಯೆಂದರೆ ಮೆಣಸಿನಕಾಯಿ, ಹಾವೇರಿಯೆಂದರೆ ಏಲಕ್ಕಿಯ ಹಾರ, ರಾಣೆಬೆನ್ನೂರೆಂದರೆ ಕೃಷ್ಣಮೃಗ ನಮ್ಮ ನೆನಪಿಗೆ ಬರುವುವು. ಈ ಸೀಮೆ ಸೆರೆಮನೆಗೂ ತನ್ನ ಮಕ್ಕಳನ್ನು ಕಳುಹಿಸಿತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು, ಇಪ್ಪತ್ತು ತುಂಬುವ ಮೊದಲೇ, 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದು ಸೆರೆವಾಸ ಕಂಡರು.

ಅಂದು ಸೆರೆಮನೆಗಳನ್ನು ಆಳುತ್ತಿದ್ದುದು 1894ರ ಶಾಸನ. ಕಟ್ಟಳೆ ಮೀರಿದ ಕೈದಿಗೆ ಗೋಣಿಬಟ್ಟೆ ಉಡಿಸುವುದು, ಬೇಡಿ ತೊಡಿಸುವುದು, 30 ಏಟುಗಳವರೆಗೆ ಹೊಡೆಸುವುದು ಅದರಂತೆ ಧರ್ಮವೇ ಆಗಿದ್ದಿತು. ರಾಜಕೀಯ ಕೈದಿಗಳಿಗೆ ಮನುಷ್ಯರಂತೆ ಬಾಳುವ ಏರ್ಪಾಡು ಬೇಕೆಂದು ಜತೀಂದ್ರನಾಥ ದಾಸರು ಲಾಹೋರಿನ ಸೆರೆಯಲ್ಲಿ 63 ದಿನ ಉಪವಾಸವಿದ್ದು 1929ರಲ್ಲಿ ಪ್ರಾಣಬಿಟ್ಟರು. ಮರುವರ್ಷ ಸರ್ಕಾರವು ಕೈದಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ವಿದ್ಯೆ, ಅಂತಸ್ತು ಉಳ್ಳವರಿಗೆ ಅನುಕೂಲ ದೊರೆಯಿತು. ಬಡ ಕೈದಿಯ ಪಾಡು ಹಾಗೆಯೇ ಉಳಿಯಿತು.

ಆತನ ಪರವಾಗಿ ನ್ಯಾಯಾಸನದ ಬಾಗಿಲು ತಟ್ಟಿದುದು ಒಂದು ಕಾಗದ. ದೆಹಲಿಯ ತಿಹಾರ್ ಸೆರೆಯಲ್ಲಿ ಜೊತೆಯವನಿಗಾದ ಹಿಂಸೆಯನ್ನು ಕುರಿತು ಸುನಿಲ್ ಬಾತ್ರಾ ಎಂಬ ಕೈದಿಯು ಬರೆದುದನ್ನು ಸುಪ್ರೀಂ ಕೋರ್ಟು ಅರ್ಜಿಯೆಂದೇ ಎಣಿಸಿತು; ಸೆರೆಯಲ್ಲಿದ್ದವನಿಗೂ ಮೂಲಭೂತ ಹಕ್ಕುಗಳು ಅಳಿಯವೆಂದು 1979ರಲ್ಲಿ ಎತ್ತಿಹಿಡಿಯಿತು. ಜಾತಿ ನೋಡಿ ಸೆರೆಮನೆಯ ಕೆಲಸ ಹಂಚುವ ನಿಯಮಗಳನ್ನು ಅದೇ ನ್ಯಾಯಾಲಯ ರದ್ದುಗೊಳಿಸಿದುದು 2024ರಷ್ಟು ಈಚೆಗೆ.

ಮಹಾದೇವಪ್ಪನವರು 1943ರಲ್ಲಿ ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅವರಂಥವರ ಸೆರೆವಾಸವನ್ನು ನಾವು ಕೊಂಡಾಡುತ್ತೇವೆ, ಅದು ಯೋಗ್ಯವೇ. ಆದರೆ ಕೀರ್ತಿಯಿಲ್ಲದೆ ಸೆರೆಯಲ್ಲಿರುವವನನ್ನೂ ಮನುಷ್ಯನೆಂದು ಬಗೆದಾಗಲೇ ಆ ಗೌರವ ಪೂರ್ಣವಾಗುವುದು.